ದೇವದುರ್ಗವೆಂಬ ಸಿಂಗಪುರ, ದಿನಕ್ಕೆ ಮೂವತ್ತು ರೂಪಾಯಿ

೧೯೮೨ರ ಜನವರಿ ಹತ್ತೊಂಬತ್ತು, ಮಂಗಳವಾರ. ಆ ದಿನದ ಡೈರಿಯಲ್ಲಿ ಮೂರೇ ಸಾಲು ಇವೆ. "ನಲ್ಲಿ ನೀರು ಇಪ್ಪತ್ತೆರಡು ಕೊಡ. ರಿಜಿಸ್ಟರ್ ಅಂಚೆಯಲ್ಲಿ ಅತ್ತೆಯ ಪಾಸ್‌ಪೋರ್ಟು ಬಂತು. ಅಪ್ಪ ಊಟ ಬಿಟ್ಟರು."

ಮೂರನೆಯ ಸಾಲು ಪೂರ್ತಿ ನಿಜವಲ್ಲ. ಅಪ್ಪ ಬಿಟ್ಟದ್ದು ಮಧ್ಯಾಹ್ನದ ಎರಡನೇ ರೊಟ್ಟಿಯನ್ನು ಮಾತ್ರ. ಮೊದಲನೆಯದನ್ನು ಪಾಸ್‌ಪೋರ್ಟು ನೋಡುತ್ತ ನೋಡುತ್ತ, ಸಿಟ್ಟಿನಲ್ಲೇ ತಿಂದು ಮುಗಿಸಿದ್ದರು.

"ಅಕ್ಕಾ, ಏನಿದು?"

"ಪಾಸ್‌ಪೋರ್ಟು."

"ಅದು ಕಾಣಾಕತ್ತೈತಿ. ಯಾಕ?"

"ಹೊರಗಿನ ದೇಶಕ್ಕ ಹೋಗಾಕ. ಒಳಗ ಬರದಾರ ನೋಡು, ಓದು."

ಅತ್ತೆ ಎಂದರೆ ಅಪ್ಪನ ಅಕ್ಕ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ರಾಯಚೂರಿಗೆ, ತಮ್ಮನ ಮನೆಗೆ ಬಂದವಳು. ಆಮೇಲೆ ಮೂವತ್ತೊಂದು ವರ್ಷ ಸರಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿದಳು. ಬಿದಿರಿನ ಕೋಲಿನಿಂದ ಹಿಂದೂ ಮಹಾಸಾಗರವನ್ನು ಅವಳು ಎಷ್ಟು ಸಲ ಕುಟ್ಟಿದ್ದಳೆಂದರೆ, ಶಾಲೆಯ ನಕಾಶೆಯಲ್ಲಿ ಸಿಂಹಳದ ಕೆಳಗೆ ತೂತು ಬಿದ್ದಿತ್ತು. ಆದರೆ ನಿಜವಾದ ಸಮುದ್ರವನ್ನು ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ ನನ್ನನ್ನು ಮಾಳಿಗೆಗೆ ಕರೆದು, ಮದ್ರಾಸಿನಿಂದ ಹಡಗು ಹತ್ತಿ ಪೆನಾಂಗ್, ಕೌಲಾಲಂಪುರ, ಸಿಂಗಪುರ ಮೂರನ್ನೂ ನೋಡಿ ಬರುತ್ತೇನೆ ಎಂದಳು. ಸಂತೆಗೆ ಹೋಗಿ ಬರುತ್ತೇನೆ ಎನ್ನುವ ದನಿಯಲ್ಲಿ.

ನಾನಾಗ ಬಿ.ಕಾಂ. ಎರಡನೇ ವರ್ಷ. ಹತ್ತೊಂಬತ್ತು ವಯಸ್ಸು. ದಿನವೂ ಡೈರಿ ಬರೆಯುತ್ತಿದ್ದೆ, ಕಂಡದ್ದನ್ನೆಲ್ಲ ಎಣಿಸುತ್ತಿದ್ದೆ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದದ್ದು ಅಪ್ಪ ಕಚೇರಿಗೆ ಹೋದ ಹೊತ್ತಿನಲ್ಲಿ. ಅವರಿಗೆ ಚಹಾ ಮಾಡಿಕೊಟ್ಟವಳು ನಾನೇ. ಆ ದಿನದ ಡೈರಿಯಲ್ಲಿ "ಅತಿಥಿಗಳು: ಇಬ್ಬರು" ಎಂದಷ್ಟೇ ಬರೆದಿದ್ದೆ. ಸುಳ್ಳಲ್ಲವಲ್ಲ.

ಅಪ್ಪನಿಗೆ ಸಿಟ್ಟು ಬರಲು ಕಾರಣವಿತ್ತು. ಅತ್ತೆಯ ನಿವೃತ್ತಿಯ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು, ಮಾರ್ಚಿಗೆ ಅವಧಿ ಮುಗಿಯುವುದರಲ್ಲಿತ್ತು. ಠೇವಣಿ ಇಬ್ಬರ ಹೆಸರಿನಲ್ಲಿತ್ತು. ಹೆಣ್ಣುಮಗಳು ಒಬ್ಬಳೇ ಬ್ಯಾಂಕಿಗೆ ಯಾಕೆ ಅಲೆಯಬೇಕು ಎಂದು ಅಪ್ಪ ಕರುಣೆಯಿಂದ ತಮ್ಮ ಹೆಸರನ್ನೂ ಸೇರಿಸಿದ್ದರು. ತೆಗೆಯಬೇಕಾದರೆ ಎರಡೂ ಸಹಿ ಬೇಕು. ಆ ಹಣದಲ್ಲಿ ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸುವುದೆಂದು ಅಪ್ಪ ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಅತ್ತೆಯನ್ನು ಕೇಳಿರಲಿಲ್ಲ. ಗೌಂಡಿಯನ್ನು ಕೇಳಿದ್ದರು.

"ನಾಳಿ ಇಕಿ ಲಗ್ನಕ್ಕ ಬೀಗರು ಬಂದ್ರ ಎಲ್ಲಿ ಕುಂಡ್ರಸೋದು?" ಎಂದು ನನ್ನ ಕಡೆ ಕೈ ತೋರಿಸಿದರು. ನನಗೆ ವರ ಇನ್ನೂ ಗೊತ್ತಾಗಿರಲಿಲ್ಲ, ಆದರೆ ಅವನ ಕಡೆಯವರು ಕೂರುವ ಜಾಗ ಗೊತ್ತಾಗಿತ್ತು.

ಅಪ್ಪ ಒಂದು ಸರಕಾರಿ ಕಚೇರಿಯ ಲೆಕ್ಕ ವಿಭಾಗದಲ್ಲಿದ್ದರು. ಅಲ್ಲಿಯ ನೌಕರರು ಹೊರಗೆ ತಿರುಗಿ ಬಂದು ಕೊಡುವ ಪ್ರಯಾಣ ಭತ್ಯೆಯ ಬಿಲ್ಲುಗಳನ್ನು ಕತ್ತರಿಸುವುದು ಅವರ ಕೆಲಸ. ಲಿಂಗಸುಗೂರಿಗೆ ಹೋಗಿ ಬಂದವನ ಬಿಲ್ಲಿನಲ್ಲಿ ಒಂದು ರೂಪಾಯಿ ಹತ್ತು ಪೈಸೆ ಕತ್ತರಿಸಿದ ದಿನ ಸಂಜೆ ಮನೆಗೆ ಬಾಳೆಹಣ್ಣು ತರುತ್ತಿದ್ದರು. ಪ್ರಯಾಣವೆಂದರೆ ಸುಳ್ಳು ಲೆಕ್ಕ ಬರೆಯಲು ಜನ ಕಂಡುಕೊಂಡ ಉಪಾಯ ಎಂಬುದು ಅವರ ಖಚಿತ ನಂಬಿಕೆ. ಇಂಥವರ ಮುಂದೆ ಅತ್ತೆ ಬಾಯಿಮಾತಿನಲ್ಲಿ ಗೆಲ್ಲುವಂತಿರಲಿಲ್ಲ. ಹಾಗಾಗಿ ದಿನದಿನದ ಖರ್ಚಿನ ಅಂದಾಜು ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು.

ವಿದೇಶದ ಬೆಲೆಗಳು ರಾಯಚೂರಿನಲ್ಲಿ ಒಬ್ಬರಿಗೇ ಗೊತ್ತಿದ್ದವು. ಬಳೆ ಅಂಗಡಿಯ ಚಾಚಾ. ಅವರ ಹೆಂಡತಿಯ ತಮ್ಮ ಹಡಗೊಂದರಲ್ಲಿ ಅಡುಗೆಯವನಾಗಿದ್ದ, ವರ್ಷಕ್ಕೆರಡು ಕಾಗದ ಬರೆಯುತ್ತಿದ್ದ. ನಾಲ್ಕು ಸಲ ಹೋದೆ, ನಾಲ್ಕು ಡಜನ್ ಬಳೆ ಕೊಂಡೆ, ನಾಲ್ಕು ಬೇರೆ ಬೇರೆ ಬೆಲೆ ಬರೆದುಕೊಂಡೆ.

"ಚಾಚಾ, ಪೆನಾಂಗಿನಾಗ ಒಂದು ಕಪ್ ಚಹಾ ಎಷ್ಟರೀ?"

"ಚಹಾ? ಅರೆ ಬೇಟಿ, ಉಧರ್ ಚಹಾ ಭಾಳ ಮಹಂಗಾ. ನಮ್ಮ ರೊಕ್ಕದಾಗ ನಾಕು ರೂಪಾಯಿ ಹಿಡಿ."

"ಹೋದ ವಾರ ಎರಡು ಅಂದಿದ್ರಿ."

"ಹೋದ ವಾರ ನೀ ಸಾದಾ ಬಳಿ ತಗೊಂಡಿದ್ದಿ."

ನಾಲ್ಕನ್ನೇ ಹಿಡಿದೆ. ಸರಕಾರ ಒಬ್ಬರಿಗೆ ಕೊಡುವ ಡಾಲರಿಗೆ ಮಿತಿ ಇತ್ತು. ಆ ಮಿತಿಯನ್ನು ಹದಿನೆಂಟು ದಿನಕ್ಕೆ ಹಂಚಿ, ಅನಾರೋಗ್ಯಕ್ಕೆಂದು ಸ್ವಲ್ಪ ತೆಗೆದಿಟ್ಟರೆ, ದಿನಕ್ಕೆ ನಮ್ಮ ಲೆಕ್ಕದ ಇನ್ನೂರ ನಲವತ್ತು ರೂಪಾಯಿ ಬಂತು. ಐದು ಬಾಬುಗಳು: ವಸತಿ, ಊಟ, ಪ್ರಯಾಣ, ನೋಡುವುದು, ಇತರೆ. ಹಾಳೆಗೆ ಕೆಂಪು ಗೆರೆ ಎಳೆದು ಅಪ್ಪನ ಮುಂದಿಟ್ಟೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. "ದಿನಾ ಇನ್ನೂರ ನಲವತ್ತು! ಇಕಿ ಜಲ್ಮದಾಗ ಒಂದ್ ದಿನ ಇಪ್ಪತ್ತು ರೂಪಾಯಿ ಖರ್ಚ್ ಮಾಡ್ಯಾಳೇನು? ಅಕ್ಕಾ, ಒಂದ್ ಕೆಲಸ ಮಾಡು. ಒಬ್ಬಾಕಿನ ಮಾನ್ವಿಗೆ ಹೋಗಿ, ಯಾರ ಮನ್ಯಾಗೂ ಉಣ್ಣದ, ಯಾರನ್ನೂ ಕೇಳದ, ಬರದ ಲೆಕ್ಕದಾಗ ಇದ್ದು ಬಂದು ತೋರಸು. ಆಮ್ಯಾಲ ಸಿಂಗಪುರಕ್ಕ ಸಹಿ ಮಾಡ್ತೀನಿ."

ಅಪ್ಪ ಅಣಕಿಸಿದ್ದು. ಅತ್ತೆ ಅದನ್ನು ಅಣಕವೆಂದೇ ತಿಳಿದಳು. ನಾನೊಬ್ಬಳು ಮಾತ್ರ ಅದನ್ನು ಡೈರಿಯಲ್ಲಿ ಬರೆದುಕೊಂಡು, ಕೆಳಗೆ ತಾರೀಖು ಹಾಕಿ, ಅಪ್ಪನಿಗೆ ಓದಿ ಹೇಳಿದೆ. ಕೊಟ್ಟ ಮಾತನ್ನು ಬರಹದಲ್ಲಿ ಕಂಡರೆ ಅಪ್ಪ ಹಿಂದೆಗೆಯುವವರಲ್ಲ. ಅದು ಅವರ ವೃತ್ತಿಯ ರೋಗ. ಒಂದೇ ತಿದ್ದುಪಡಿ ಮಾಡಿದರು: ಮೂರು ಊರಿನ ಪ್ರವಾಸಕ್ಕೆ ಒಂದು ಊರಿನ ಪರೀಕ್ಷೆ ಸಾಲದು.

ಹಾಗೆ ರಾಯಚೂರು ಪೆನಾಂಗ್ ಆಯಿತು, ಮಾನ್ವಿ ಕೌಲಾಲಂಪುರ, ದೇವದುರ್ಗ ಸಿಂಗಪುರ. ಊರಿಗೊಂದು ದಿನ. ಚಹಾ ಅಲ್ಲಿ ನಾಲ್ಕು ರೂಪಾಯಿ, ಇಲ್ಲಿ ಎಂಟಾಣೆ. ಅಂದರೆ ಎಂಟು ಪಟ್ಟು. ಇನ್ನೂರ ನಲವತ್ತನ್ನು ಎಂಟರಿಂದ ಭಾಗಿಸಿದರೆ ಮೂವತ್ತು. ವಸತಿ ಹನ್ನೆರಡು, ಊಟ ಒಂಬತ್ತು, ಪ್ರಯಾಣ ಐದು, ನೋಡುವುದು ಎರಡು, ಇತರೆ ಎರಡು. ಇಡೀ ಜಗತ್ತನ್ನು ಒಂದು ಕಪ್ ಚಹಾದಿಂದ ಅಳೆದಿದ್ದಕ್ಕೆ ನನಗೆ ಆಗ ಬಹಳ ಹೆಮ್ಮೆ ಇತ್ತು.

ಲೆಕ್ಕದವಳಾಗಿ ನಾನೂ ಜೊತೆಗೆ ಹೋಗಬೇಕಾಯಿತು. ನನ್ನ ಬಸ್ಸಿನ ದುಡ್ಡನ್ನು ಅಪ್ಪ ಬೇರೆಯೇ ಕೊಟ್ಟರು. ನನ್ನ ಊಟ ಯಾವ ಬಾಬಿಗೆ ಎಂದು ಕೇಳಿದೆ. "ತಪಾಸಣಿಗೆ ಹೋದೋರು ತಮ್ಮ ಬುತ್ತಿ ತಾವು ಒಯ್ಯಬೇಕು" ಎಂದರು ಅಪ್ಪ. ಅವ್ವ ಹದಿನೆಂಟು ಕಟಕು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಟ್ಟಳು.

ಫೆಬ್ರುವರಿ ಎಂಟು, ಸೋಮವಾರ. ಮನೆಯಿಂದ ಒಂದು ಮೈಲಿ ದೂರದ ಪೆನಾಂಗಿಗೆ ಸೈಕಲ್ ರಿಕ್ಷಾದಲ್ಲಿ ಹೊರಟೆವು. ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಮ್ಯಾನೇಜರು ತಲೆ ಎತ್ತದೆ ದೊಡ್ಡ ಪುಸ್ತಕ ತೆರೆದ.

"ಯಾವೂರಿಂದ ಬಂದ್ರಿ?"

"ರಾಯಚೂರಿಂದ" ಎಂದಳು ಅತ್ತೆ.

"ಇಲ್ಲಿಂದ ಯಾವೂರಿಗ್ರೀ?"

"ನಾಳಿ ಹೇಳ್ತೀನಿ. ಸದ್ಯ ರಾಯಚೂರಿಗೆ."

ತಲೆ ಎತ್ತಿದ. ಎತ್ತಿದವನೇ ಎದ್ದು ನಿಂತ. "ಅಕ್ಕೋರ! ನಾನ್ರಿ! ಏಳನೇ ಕ್ಲಾಸಿನ್ಯಾಗ ನಕಾಶಿ ತಲಿಕೆಳಗ ಹಿಡದಿದ್ದಕ್ಕ ಬೆಂಚಿನ ಮ್ಯಾಲ ನಿಂದರಸಿದ್ರಲ್ಲ!"

"ಈಗ ನೆಟ್ಟಗ ಹಿಡೀತೀಯೇನಪ?"

"ಈಗ ಲಾಡ್ಜ್ ಹಿಡದೀನ್ರಿ."

ಹನ್ನೆರಡು ರೂಪಾಯಿ ಕೊಡಲು ಅತ್ತೆ ಮೂರು ಸಲ ಕೈ ಚಾಚಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನಿಮ್ಮ ಕಡಿಂದ ರೊಕ್ಕ ತಗೊಂಡು ನಾ ಎಲ್ಲಿಗೆ ಹೋಗ್ಲ್ರಿ ಅಕ್ಕೋರ?" ಮೇಲಿನ ಗಾಳಿ ಬರುವ ಕೋಣೆ ಕೊಟ್ಟ. ಊಟ ತರಿಸಿಕೊಟ್ಟ. ಸಂಜೆ ಹಾಲು ಹಿಡಿದು ಬಂದು, ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ ಕೇಳಿದ: "ಮನ್ಯಾಗ ಏನರ ಆಗ್ಯದೇನ್ರಿ? ನಿಮ್ಮ ತಮ್ಮೋರಿಗೆ ನಾ ಹೋಗಿ ಒಂದ್ ಮಾತು ಹೇಳ್ಲೇನು?"

ಏನೂ ಆಗಿಲ್ಲ, ವಿದೇಶ ಪ್ರವಾಸದ ತಾಲೀಮು ಎಂದು ಅತ್ತೆ ವಿವರಿಸಿದಳು. ಅವನು ಕಣ್ಣೊರೆಸಿಕೊಂಡು ಹೋದ. ಬೆಳಗಾಗುವುದರೊಳಗೆ, ಅಕ್ಕೋರನ್ನು ತಮ್ಮ ಹೊರಗೆ ಹಾಕಿದ್ದಾನೆ, ಪಾಪ ತಲೆಯೂ ಸ್ವಲ್ಪ ಕೆಟ್ಟಿದೆ ಎಂದು ಸ್ಟೇಷನ್ ರಸ್ತೆಯಲ್ಲೆಲ್ಲ ಸುದ್ದಿಯಾಗಿತ್ತು. ದಿನದ ಖರ್ಚು: ರಿಕ್ಷಾ ಒಂದೂವರೆ, ಕೋಟೆ ಹತ್ತಿ ಇಳಿದ ಮೇಲೆ ಸೋಡಾ ಒಂದೂಕಾಲು. ಒಟ್ಟು ಎರಡು ರೂಪಾಯಿ ಎಪ್ಪತ್ತೈದು ಪೈಸೆ. ಪೆನಾಂಗ್ ಇಷ್ಟು ಅಗ್ಗವೆಂದು ಚಾಚಾ ಹೇಳಿರಲಿಲ್ಲ.

ಮಂಗಳವಾರ ಕೌಲಾಲಂಪುರ. ಬಸ್ಸಿಗೆ ನಾಲ್ಕೂವರೆ. ಮಾನ್ವಿ ಸ್ಟ್ಯಾಂಡಿನಲ್ಲಿ ಇಳಿದು ಅತ್ತೆ ಎಂಟಾಣೆಯ ಚಹಾ ಕುಡಿದಳು, ನಾನು ನೋಡಿದೆ. ಲಾಡ್ಜು ಎಲ್ಲಿ ಎಂದು ಕೇಳಿದ್ದೇ ತಪ್ಪಾಯಿತು. ನಾವು ಲಾಡ್ಜು ಮುಟ್ಟುವ ಮೊದಲೇ ಸುದ್ದಿ ಅತ್ತೆಯ ಚಿಕ್ಕಪ್ಪನ ಮಗನ ಮನೆ ಮುಟ್ಟಿತ್ತು. ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಡುರಸ್ತೆಯಲ್ಲೇ ಎದುರಾದಳು.

"ಏನ್ರಿ ಅಕ್ಕಾರ, ನಮ್ಮ ಮನಿ ಬಿದ್ದು ಹೋಗ್ಯದೇನು? ಲಾಡ್ಜಿಗೆ ಹೊಂಟೀರಂತ!"

"ಹಂಗಲ್ಲವ್ವ. ಹೊರದೇಶಕ್ಕ ಹೋಗಬೇಕಂತ ಮಾಡೀನಿ. ಅದರ ತಾಲೀಮು."

"ಹೊರದೇಶಕ್ಕ ಹೋಗೋರು ಮಾನ್ವಿಗ್ಯಾಕ ಬಂದ್ರಿ?"

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನನಗಂತೂ ಹೊಳೆದೇ ಇರಲಿಲ್ಲ.

ಕೈಚೀಲಗಳು ಅವಳ ಕೈಗೆ ಹೋದ ಮೇಲೆ ನಾವೂ ಹಿಂದೆ ಹೋದೆವು. ಬರಿಗೈಯಲ್ಲಿ ಹೋಗುವಂತಿಲ್ಲ. ದಾರಿಯಲ್ಲಿ ಹಣ್ಣು, ಪೇಢೆ: ಹನ್ನೊಂದು ರೂಪಾಯಿ. ಅಲ್ಲಿ ಉಂಡೆವು, ಅಲ್ಲೇ ಮಲಗಿದೆವು. ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ನಮ್ಮ ಸೀಮೆಯ ಒಂದು ಸಮಾರಂಭ ನಡೆಯಬೇಕು. ಮನೆಗೆ ಬಂದವರು ಮಕ್ಕಳ ಕೈಯಲ್ಲಿ ದುಡ್ಡು ಇಡಬೇಕು. ತಾಯಿ "ಬ್ಯಾಡ್ರಿ, ಬ್ಯಾಡ್ರಿ, ಹುಡುಗರಿಗ್ಯಾಕ" ಎಂದು ಮಗುವಿನ ರಟ್ಟೆ ಹಿಡಿದು ಎಳೆಯಬೇಕು. ಆದರೆ ಅಂಗೈ ಬಿಚ್ಚಿಕೊಂಡೇ ಇರುವಂತೆ ನೋಡಿಕೊಳ್ಳಬೇಕು. ಮನೆಯ ಮಕ್ಕಳು ಐದು. ಬಾಜೂ ಮನೆಯವು ಎರಡು ಬಂದು ಸಾಲಿನಲ್ಲಿ ಸೇರಿಕೊಂಡವು. ತಲೆಗೆ ಎರಡರಂತೆ ಹದಿನಾಲ್ಕು ರೂಪಾಯಿ.

ಕೂಡಿಸಿದೆ. ಸರಿಯಾಗಿ ಮೂವತ್ತು! ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ವಸತಿ ಸೊನ್ನೆ, ಊಟ ಸೊನ್ನೆ, ಎರಡು ರೂಪಾಯಿ ಗೊತ್ತುಮಾಡಿದ್ದ "ಇತರೆ"ಯಲ್ಲಿ ಇಪ್ಪತ್ತೈದು. ನನಗೂ ಒಂದು ಕುಬಸದ ಕಣ, ರವಿಕೆ ಬಟ್ಟೆ, ಸಿಕ್ಕಿತ್ತು. ಅದನ್ನು ಜಮೆಗೆ ಬರೆಯಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಸಿರವಾರದವರೆಗೆ ಯೋಚಿಸಿದೆ.

ಬುಧವಾರ ಹನ್ನೆರಡರ ಹೊತ್ತಿಗೆ ದೇವದುರ್ಗ. ಅಲ್ಲಿ ನಮಗೆ ನೆಂಟರಿರಲಿಲ್ಲ. ಅತ್ತೆ ಅಲ್ಲಿ ಕಲಿಸಿದವಳೂ ಅಲ್ಲ. ಆರು ಕೋಣೆಯ ಲಾಡ್ಜಿನ ಗುಮಾಸ್ತ ನಮ್ಮನ್ನು ನೋಡಿ, ನಮ್ಮ ಹಿಂದಿನ ಬಾಗಿಲನ್ನು ನೋಡಿದ.

"ಗಂಡಸರು ಹಿಂದಿಂದ ಬರ್ತಾರೇನ್ರಿ?"

"ಇಲ್ಲ."

"ಮುಂದ ಹೋಗ್ಯಾರೇನು?"

"ಮುಂದ ಹೋಗಿ ಮೂವತ್ತು ವರ್ಷದ ಮ್ಯಾಲಾತು" ಎಂದಳು ಅತ್ತೆ. "ಕೋಣಿ ಎಷ್ಟು?"

ಅವನು ಹತ್ತು ರೂಪಾಯಿ ಎಂದ. ಅತ್ತೆ ಕೊಟ್ಟಳು, ಅವನು ತೆಗೆದುಕೊಂಡ. ಚೀಟಿ ಕೊಟ್ಟ. ಮೂರು ದಿನದಲ್ಲಿ ಮೊದಲ ಚೀಟಿ. ಅತ್ತೆ ಅದನ್ನು ಎರಡು ಸಲ ಓದಿ ಮಡಚಿಟ್ಟುಕೊಂಡಳು.

ಪಕ್ಕದಲ್ಲೇ ಖಾನಾವಳಿ. ಹೆಗಲ ಮೇಲೆ ಟವೆಲು ಹಾಕಿದ ಮಾಲಿಕ ಬಂದು ನಿಂತ.

"ಏನ್ ಕೊಡ್ಲಿ ಯವ್ವಾ? ರೊಟ್ಟಿನೋ ಚಪಾತಿನೋ? ಬದನಿಕಾಯಿ ಅದ, ಪುಂಡಿಪಲ್ಲೆ ಅದ."

ಹಿಂದೆ ಯಾರನ್ನೋ ಕೇಳುತ್ತಿದ್ದಾನೆಂಬಂತೆ ಅತ್ತೆ ತಿರುಗಿ ನೋಡಿದಳು. ಅವನು ಇನ್ನೊಮ್ಮೆ ಕೇಳಿದ. ನಾನು ಅವಳ ಮುಖ ನೋಡಿದೆ. ನಮ್ಮ ಮನೆಯಲ್ಲಿ ಅತ್ತೆ ಉಣ್ಣುವುದು ಎಲ್ಲರದೂ ಆದ ಮೇಲೆ, ಬುಟ್ಟಿಯಲ್ಲಿ ಉಳಿದದ್ದನ್ನು. ಏನು ಬೇಕು ಎಂದು ಅವಳನ್ನು ಯಾರಾದರೂ ಕೇಳಿದ್ದು ನನ್ನ ಐದು ವರ್ಷದ ಡೈರಿಗಳಲ್ಲಿ ಎಲ್ಲೂ ಇಲ್ಲ. ನಾನೂ ಕೇಳಿರಲಿಲ್ಲ. ಕೊಡಗಳನ್ನು ಎಣಿಸುವುದರಲ್ಲಿ ಮಗ್ನಳಾಗಿದ್ದೆ.

"ರೊಟ್ಟಿ" ಎಂದಳು ಕಡೆಗೆ. "ಪಲ್ಲೆ ಎರಡೂ ಹಾಕಪ. ಬಿಸಿ ಇರಲಿ."

ನಾನು ನನ್ನ ಗಂಟು ಬಿಚ್ಚಿದೆ. ಮಾಲಿಕ ನನ್ನ ಕಟಕು ರೊಟ್ಟಿಯನ್ನೂ ಅತ್ತೆಯ ಬಿಸಿ ರೊಟ್ಟಿಯನ್ನೂ ನೋಡಿ, "ಸೊಸಿಯೇನ್ರಿ ಇಕಿ?" ಎಂದ. ಅಲ್ಲ, ತಪಾಸಣೆಯವಳು ಎಂದೆ. ಅವನು ಆರೋಗ್ಯ ಇಲಾಖೆಯೆಂದು ತಿಳಿದನೋ ಏನೋ, ಒಳಗೆ ಹೋಗಿ ಮೇಜು ಒರೆಸಲು ಶುರುಮಾಡಿದ.

ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಯಾರೂ ಅತ್ತೆಗೆ ನಮಸ್ಕಾರ ಹಾಕಲಿಲ್ಲ, ಯಾರೂ ಎದ್ದು ಜಾಗ ಕೊಡಲಿಲ್ಲ. ಅವಳು ಕಾಲು ಚಾಚಿ ಕೂತು ಬರುವ ಬಸ್ಸು, ಹೋಗುವ ಬಸ್ಸು ನೋಡುತ್ತಿದ್ದಳು. ಒಂದು ತಾಸಿನಲ್ಲಿ ಮೂರು ಕಪ್ ಚಹಾ ಕುಡಿದಿದ್ದಳು. ಒಳಗೆ ಬಾಣಲೆಯಲ್ಲಿ ಮಿರ್ಚಿ ಬಜ್ಜಿ ಬಿದ್ದ ಸದ್ದಾಯಿತು.

"ಒಗ್ಗರಣಿ ಮಿರ್ಚಿ ಒಂದ್ ಪ್ಲೇಟು" ಎಂದು ಕೂಗಿದಳು.

ನಾನು ಪುಸ್ತಕ ತೆರೆದೆ. "ಅತ್ತಿ, ಬಸ್ಸು ಐದು, ಕೋಣಿ ಹತ್ತು, ಎರಡು ಊಟ ಎಂಟು, ಚಹಾ ಒಂದೂವರಿ. ನಾಳಿ ಊರಿಗೆ ಹೋಗೋ ಬಸ್ಸಿಗೆ ಐದೂವರಿ. ಮೂವತ್ತಾತು. ಇದು ತಗೊಂಡ್ರ ಒಂದೂವರಿ ಮೀರ್ತದ."

"ಮೀರಲಿ."

"ಅಪ್ಪ ಸಹಿ ಮಾಡಂಗಿಲ್ಲ."

"ಗೊತ್ತದ" ಎಂದಳು. ಪ್ಲೇಟು ಬಂತು. ಮಿರ್ಚಿ ಮುರಿದು, ಊದಿ, ಬಾಯಿಗಿಟ್ಟುಕೊಂಡಳು. "ನೀನೂ ಒಂದ್ ತಗೋ ಬೇ. ಒಣಾ ರೊಟ್ಟಿ ತಿಂದು ಮಾರಿ ಒಣಗಿಸಿಕೊಂಡೀದಿ."

ತೆಗೆದುಕೊಂಡೆ. ಯಾವ ಬಾಬಿಗೆ ಬರೆಯಬೇಕೆಂದು ತಿಳಿಯಲಿಲ್ಲ. ಬರೆಯಲಿಲ್ಲ.

ಗುರುವಾರ ಮನೆ ಸೇರಿದಾಗ ಅಪ್ಪ ಕೆಂಪು ಮಸಿಯ ಪೆನ್ನು ತುಂಬಿಸಿಟ್ಟುಕೊಂಡು ಕಾಯುತ್ತಿದ್ದರು. ಮೂರು ದಿನಕ್ಕೆ ತೊಂಬತ್ತರಲ್ಲಿ ಖರ್ಚಾದದ್ದು ಅರವತ್ನಾಲ್ಕೂಕಾಲು, ಇಪ್ಪತ್ತೈದೂ ಮುಕ್ಕಾಲು ಉಳಿತಾಯ ಎಂದು ನಾನು ಮೊದಲೇ ಹೇಳಿದೆ. ಅಪ್ಪ ಕೈ ಎತ್ತಿ ತಡೆದರು. ಹಾಳೆಯ ಅಂಚಿನಲ್ಲಿ ಆಕ್ಷೇಪಣೆ ಬರೆಯುತ್ತ ಗಟ್ಟಿಯಾಗಿ ಓದಿದರು. ಒಂದು: ಮೊದಲ ದಿನದ ವಸತಿ, ಊಟ ಧರ್ಮಕ್ಕೆ ಸಿಕ್ಕದ್ದು, ಸಿಂಗಪುರದಲ್ಲಿ ಈಕೆಯ ಶಿಷ್ಯರು ಇದ್ದಾರೆಯೇ? ಎರಡು: ಎರಡನೆಯ ದಿನ ನೆಂಟರ ಮನೆಯಲ್ಲಿ ಉಂಡದ್ದು ನಿಯಮಕ್ಕೆ ವಿರುದ್ಧ, ಮೇಲಾಗಿ "ಇತರೆ" ಬಾಬು ಪೂರ್ವಾನುಮತಿ ಇಲ್ಲದೆ ಮೀರಿದೆ. ಮೂರು: ಮೂರನೆಯ ದಿನ ಒಂದೂವರೆ ರೂಪಾಯಿ ಅಧಿಕ, ಕಾರಣ ಮಿರ್ಚಿ.

"ಒಂದ್ ಮಿರ್ಚಿ ತಡಕೊಳ್ಳಾಕ ಆಗಲಿಲ್ಲ ನಿನಗ. ಸಿಂಗಪುರದಾಗ ಏನ್ ತಡ್ಕೊಂತಿ?" ಎಂದರು. ಆಮೇಲೆ, ನಿಜವಾದ ನೋವಿನಿಂದ, "ಕಚೇರ್ಯಾಗ ಜವಾನ ಸೈತ ಕೇಳಾಕತ್ತಾನ, ಅಕ್ಕನ್ನ ಹೊರಗ ಹಾಕೀರಂತಲ್ರಿ ಸಾಹೇಬ್ರ ಅಂತ."

"ಮಿರ್ಚಿ ನಾ ಬೇಕಂತನ ತಿಂದೆ, ತಮ್ಮಾ" ಎಂದಳು ಅತ್ತೆ. "ಇಕಿ ಹೇಳಿದ್ಲು, ಮೀರ್ತದ ಅಂತ. ತಿಂದೆ. ಸಹಿ ಮಾಡಬ್ಯಾಡ."

ಅಪ್ಪ ಗೆದ್ದರು. ಆ ಸಂಜೆ ಬಾಳೆಹಣ್ಣು ಬಂತು.

ಮಾರ್ಚಿನಲ್ಲಿ ಠೇವಣಿಯ ಅವಧಿ ಮುಗಿಯಿತು. ಗೌಂಡಿ ಮುಂಗಡಕ್ಕೆ ಬಂದ. ಅಪ್ಪ ಬ್ಯಾಂಕಿನ ಕಾಗದ ತಂದು ಅತ್ತೆಯ ಮುಂದೆ ಇಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಮೂವತ್ತೊಂದು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಮಾಡಿದ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಇಲ್ಲಿ ನಂದೂ ಬೇಕಲ್ಲ."

"ಬೇಕು. ಅದಕ್ಕ ತಂದೀನಿ."

"ಕೋಣಿಯ ಅಂದಾಜು ತೋರಸು. ದಿನಾ ಎಷ್ಟು ಉಸುಕು, ಎಷ್ಟು ಸಿಮೆಂಟು. ನೋಡಿ, ಸರಿ ಅನಿಸಿದ್ರ ಮಾಡ್ತೀನಿ."

ಅಪ್ಪನ ಮುಖ ಆಗ ಹೇಗಿತ್ತು ಎಂದು ನಾನು ಡೈರಿಯಲ್ಲಿ ವರ್ಣಿಸಿಲ್ಲ. "ಅಪ್ಪ ಊಟ ಬಿಟ್ಟರು" ಎಂದಷ್ಟೇ ಇದೆ. ಈ ಸಲ ಎರಡೂ ರೊಟ್ಟಿ.

ಇದು ನಾಲ್ಕು ತಿಂಗಳು ನಡೆಯಿತು. ನಾನು ಲೆಕ್ಕ ಇಟ್ಟಿದ್ದೇನೆ: ಗೌಂಡಿ ಹನ್ನೊಂದು ಸಲ ಬಂದ. ಅಪ್ಪ ಅತ್ತೆಯೊಂದಿಗೆ ನೇರವಾಗಿ ಮಾತಾಡಿದ್ದು ಆರು ಸಲ, ಉಳಿದದ್ದೆಲ್ಲ ನನ್ನ ಮೂಲಕ. "ನಿಮ್ಮತ್ತಿಗೆ ಕೇಳು, ನೀರು ಕಾದಾವೇನು ಅಂತ." ಅತ್ತೆ ಎದುರಿಗೇ ಇರುತ್ತಿದ್ದಳು. ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಮದ್ರಾಸಿನ ಹೆಸರೆತ್ತಲಿಲ್ಲ. ಆದರೆ ಒಂದು ಬದಲಾವಣೆಯಾಗಿತ್ತು. ಎಲ್ಲರ ಜೊತೆಗೇ ಊಟಕ್ಕೆ ಕೂರಲು ಶುರುಮಾಡಿದ್ದಳು.

ಜುಲೈ ಹದಿನಾಲ್ಕರಂದು ಅಪ್ಪ ಸೋತರೋ, ಲೆಕ್ಕ ಹಾಕಿದರೋ ಹೇಳಲಾರೆ. ಅರ್ಧ ಕೋಣೆಗೆ, ಅರ್ಧ ಹಡಗಿಗೆ ಎಂದರು. ಅತ್ತೆ ಹೂಂ ಎಂದಳು. ಮರುದಿನವೇ ಬ್ಯಾಂಕಿಗೆ ಹೋದೆವು. ಯಾರು ಮೊದಲು ಸಹಿ ಮಾಡಬೇಕೆಂಬುದೇ ಅಲ್ಲಿ ದೊಡ್ಡ ಪ್ರಶ್ನೆ. "ನೀ ಮಾಡು." "ನೀ ದೊಡ್ಡಾಕಿ, ಮಾಡು." "ನೀ ಗಂಡಸು, ಮಾಡಪ." ಗುಮಾಸ್ತ ಎರಡು ಬೇರೆ ಬೇರೆ ಕಾಗದ ತಂದು, ಇಬ್ಬರ ಮುಂದೂ ಒಂದೊಂದು ಇಟ್ಟು, "ಕೂಡೇ ಮಾಡ್ರಿ" ಎಂದ. ಒಬ್ಬರ ಪೆನ್ನನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಮಾಡಿದರು.

ಅರ್ಧ ಹಣಕ್ಕೆ ಹದಿನೆಂಟು ದಿನ ಸಾಲದು. ಕೌಲಾಲಂಪುರ ಬಿಡು, ಎರಡೇ ಊರು ಇರಲಿ ಎಂದು ನಾನು ಹೇಳಿದೆ. ಊರು ಮೂರೂ ಇರಲಿ, ದಿನ ಕಡಿಮೆ ಮಾಡು ಎಂದಳು. ಹನ್ನೊಂದು ದಿನವಾಯಿತು. ಹಡಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಲ್ಲಿಯ ಊಟ ಟಿಕೇಟಿನಲ್ಲೇ ಬರುತ್ತಿತ್ತು. ೧೯೮೩ರ ಜನವರಿಯಲ್ಲಿ ರಾಯಚೂರು ಸ್ಟೇಷನ್ನಿನಲ್ಲಿ ಮದ್ರಾಸಿನ ಗಾಡಿ ಹತ್ತಿಸಿದೆವು. ಹೊಸ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟಗಳಿಗೆ ಐದೈದು ಬಾಬಿನ ಗೆರೆ ಎಳೆದು, ಪೆನ್ಸಿಲು ಕಟ್ಟಿ ಅವಳ ಚೀಲದಲ್ಲಿಟ್ಟಿದ್ದೆ. "ದಿನಾ ಬರಿ" ಎಂದರು ಅಪ್ಪ ಕಿಟಕಿಯಲ್ಲಿ. "ಚೀಟಿ ಒಗೀಬ್ಯಾಡ." ಗಾಡಿ ಕದಲಿದ ಮೇಲೆ ಒಂದಷ್ಟು ದೂರ ಪಕ್ಕದಲ್ಲೇ ನಡೆದರು. ಇನ್ನೂ ಏನೋ ನಿಯಮ ಹೇಳುವುದಿತ್ತೇನೋ.

ಫೆಬ್ರುವರಿ ಕೊನೆಯ ವಾರ ಮರಳಿ ಬಂದಳು. ಕಪ್ಪಾಗಿದ್ದಳು. ಅವಳು ಸ್ನಾನಕ್ಕೆ ಹೋದಾಗ ನಾನು ಚೀಲ ಬಿಚ್ಚಿ ನೋಟ್‌ಬುಕ್ಕು ತೆಗೆದೆ. ನನ್ನ ಗೆರೆಗಳು ಹಾಗೇ ಇದ್ದವು. ಒಳಗೆ ಒಂದು ಅಂಕಿಯೂ ಇರಲಿಲ್ಲ. ಹನ್ನೊಂದು ಪುಟ, ಐವತ್ತೈದು ಮನೆ, ಎಲ್ಲ ಖಾಲಿ. ಪೆನ್ಸಿಲಿನ ಮೊನೆ ಕೂಡ ಮುರಿದಿರಲಿಲ್ಲ.

"ಅತ್ತಿ, ಲೆಕ್ಕ ಎಲ್ಲದ?"

ತಲೆ ಒರೆಸಿಕೊಳ್ಳುತ್ತ ಬಂದವಳು ನೋಟ್‌ಬುಕ್ಕು ನೋಡಿ ನಕ್ಕಳು. "ಬರಿಯಾಕ ಕುಂತೆ, ಮೊದಲ್ನೇ ದಿನ. ಆಮ್ಯಾಲ ಅನಿಸಿತು, ಇಲ್ಲಿ ಕೇಳೋರು ಯಾರಿದ್ದಾರ? ಮುಚ್ಚಿಟ್ಟೆ." ಕೂದಲು ಕೊಡವಿದಳು. "ಪೆನಾಂಗಿನಾಗ ಒಂದು ದೊಡ್ಡ ದೋಣಿ ಅದ, ಈ ದಂಡಿಯಿಂದ ಆ ದಂಡಿಗೆ ಮಂದಿನ್ನ ಒಯ್ಯೋದು. ಆ ದಂಡ್ಯಾಗ ನನಗ ಏನೂ ಕೆಲಸ ಇದ್ದಿಲ್ಲ. ಆರು ಸಲ ಹೋಗಿ ಬಂದೆ. ಸುಮ್ಮನ, ನೀರು ನೋಡಕೋತ."

"ಟಿಕೇಟು ಎಷ್ಟು?"

"ನೆನಪಿಲ್ಲ."

ನೆನಪಿಲ್ಲ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಹಣದ ವಿಷಯಕ್ಕೆ ಯಾರೂ ಆಡಿದ್ದಿಲ್ಲ. ಅಪ್ಪ ಸಂಜೆ ಆರಕ್ಕೆ ಬರುವವರಿದ್ದರು. ಗಂಟೆ ಎರಡಾಗಿತ್ತು.

ನಾನು ಮಾಳಿಗೆಗೆ ಹೋದೆ. ಹೊಸ ಕೋಣೆಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ. ಅರ್ಧ ಹಣ ಗೋಡೆ, ಛಾವಣಿಗೇ ಮುಗಿದಿತ್ತು. ಒಳಗೆ ಸಿಮೆಂಟಿನ ಚೀಲದ ಮೇಲೆ ಕೂತು ಐವತ್ತೈದು ಮನೆಗಳನ್ನೂ ತುಂಬಿಸಿದೆ. ಡಾಲರು, ಸೆಂಟು. ವಸತಿಯನ್ನು ದಿನಾ ಒಂದೇ ಬರೆದರೆ ಅಪ್ಪನಿಗೆ ಅನುಮಾನ ಬರುತ್ತದೆ, ಅಲ್ಲಲ್ಲಿ ಬದಲಾಯಿಸಿದೆ. ಒಂದು ದಿನ ಇತರೆ ಬಾಬಿನಲ್ಲಿ 'ಹಣ್ಣು' ಎಂದು ಬರೆದು ಸ್ವಲ್ಪ ಮೀರಿಸಿ, ಮರುದಿನ ಊಟದಲ್ಲಿ ಕಡಿತ ಮಾಡಿದೆ. ಎಂಟನೆಯ ಪುಟದಲ್ಲಿ ಒಂದು ಅಂಕಿ ಹೊಡೆದುಹಾಕಿ ತಿದ್ದಿದೆ, ಅತ್ತೆಯ ಕೈಬರಹದ ಓಲಾಟ ಬರುವಂತೆ. ಕೊನೆಯ ಪುಟದ ಅಂಚಿನಲ್ಲಿ, ಚೀಟಿಗಳು ಹಡಗಿನಲ್ಲಿ ನೆನೆದು ಹಾಳಾದವು ಎಂದೂ ಬರೆದೆ. ಅಪ್ಪನಿಂದ ಕಲಿತದ್ದೆಲ್ಲ ಉಪಯೋಗಕ್ಕೆ ಬಂತು. ಒಂದೊಂದು ದಿನವನ್ನೂ ಕೂಡಿಸಿ, ಅಡ್ಡ ಕೂಡಿಸಿ, ಉದ್ದ ಕೂಡಿಸಿ, ಉಳಿದು ಬಂದ ಡಾಲರಿಗೆ ಸರಿಹೊಂದಿಸಿದಾಗ ಗಂಟೆ ಐದೂವರೆ. ನಾನು ಜೀವನದಲ್ಲಿ ಬರೆದ ಅತ್ಯಂತ ಅಚ್ಚುಕಟ್ಟಾದ ಲೆಕ್ಕ ಅದು.

ಅಪ್ಪ ಮೂರು ಸಂಜೆ ನೋಡಿದರು. ಕೆಂಪು ಪೆನ್ನು ಹಿಡಿದು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ. ಅತ್ತೆ ಎದುರಿನಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ಒಂದು ಪಾಠ್ಯಪುಸ್ತಕದ ಒಂದೇ ಪುಟವನ್ನು ಮೂರು ಸಂಜೆ ಓದಿದೆ. ಕೊನೆಗೆ ಅಪ್ಪ ಏಳನೆಯ ದಿನದ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ಅಕ್ಕಾ, ಇದು ಸಿಂಗಪುರ. ಹಣ್ಣಿಗೆ ಇಷ್ಟ್ಯಾಕ ಆತು?"

ಅತ್ತೆ ಶೇಂಗಾ ಬಿಟ್ಟು ನನ್ನ ಕಡೆ ಒಮ್ಮೆ ನೋಡಿದಳು. ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಚಲೋ ಇದ್ದವು, ತಮ್ಮಾ" ಎಂದಳು. "ತಡಕೊಳ್ಳಾಕ ಆಗಲಿಲ್ಲ."

ಅಪ್ಪ ತಲೆ ಕೊಡವಿ ಆ ಸಾಲಿನ ಪಕ್ಕ ಕೆಂಪು ಪ್ರಶ್ನೆ ಗುರುತು ಹಾಕಿದರು. ಉಳಿದ ಹತ್ತು ದಿನಕ್ಕೆ ಸರಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದರು.